ಫ್ರೀಝರಿನೊಳಗೆ ಶಾಫಿ

ಶುಕ್ರವಾರ ಬೆಳಿಗ್ಗೆ ಚಹಾಕ್ಕೆ ಇಟ್ಟ ಹಾಲು ಒಡೆಯಿತು. ಬೀಬಿ ಮೊದಲು ಹಾಲಿನವನನ್ನು ಬೈದರು. ಸೊಸೆ ಸಬೀಹಾ ಫ್ರಿಜ್ಜಿನಿಂದ ಇನ್ನೊಂದು ಪ್ಯಾಕೆಟ್ ತೆಗೆದು ಕಾಯಿಸಿದಳು. ಅದೂ ಒಡೆಯಿತು. ಆಗ ಬೀಬಿ, ಮನೆಗೆ ಯಾರದೋ ಕಣ್ಣು ತಾಗಿದೆ ಎಂದರು.

ಸಬೀಹಾ ಫ್ರಿಜ್ಜಿನೊಳಗೆ ಕೈಯಿಟ್ಟು ನೋಡಿದಳು. ಮೆಲ್ಕಾರಿನ ರಸ್ತೆಯಲ್ಲಿ ಎಷ್ಟು ಸೆಕೆಯಿತ್ತೋ ಒಳಗೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಬೆಣ್ಣೆ ಕರಗಿ ಡಬ್ಬಿಯಲ್ಲಿ ತೇಲುತ್ತಿತ್ತು. ಆದರೆ ಮೇಲಿನ ಫ್ರೀಝರಿನಲ್ಲಿ ಬಂಗುಡೆ ಕಲ್ಲಿನಂತೆ ಗಟ್ಟಿಯಾಗಿತ್ತು. ಮಳೆಗಾಲದಲ್ಲಿ ಬೋಟುಗಳು ಕಡಲಿಗೆ ಇಳಿಯುವುದಿಲ್ಲ ಎಂದು ಬೀಬಿ ಮೇ ತಿಂಗಳಿಡೀ ಮೀನು ತರಿಸಿ, ತೊಳೆದು, ಪ್ಯಾಕೆಟ್ ಕಟ್ಟಿ, ಫ್ರೀಝರಿನ ಮೂಲೆಮೂಲೆಗೂ ತುಂಬಿಸಿಟ್ಟಿದ್ದರು.

"ಮಾಮಿ, ಫ್ಯಾನು ನಿಂತಿದೆ" ಎಂದಳು ಸಬೀಹಾ. "ಮೊನ್ನೆಯವರೆಗೆ ಕಟಕಟ ಶಬ್ದ ಬರ್ತಿತ್ತಲ್ಲ, ಅದು ಫ್ಯಾನಿನದ್ದು. ಮೇಲಿನ ತಂಪನ್ನು ಕೆಳಗೆ ಕಳಿಸುವುದು ಅದೇ."

"ಶಬ್ದ ನಿಂತದ್ದಕ್ಕೆ ನಾನು ಅಲ್ಲಾಹನಿಗೆ ಸ್ತುತಿ ಹೇಳಿದ್ದೆ" ಎಂದರು ಬೀಬಿ ಪೆಚ್ಚಾಗಿ.

ಬೇರೆ ದಿನವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಮರುದಿನ ಸಂಜೆ ಪಕ್ಕದ ಓಣಿಯ ಹಫ್ಸಳ ಮಗಳ ಮದರಂಗಿ. ಬೊಂಡದ ಪುಡ್ಡಿಂಗ್ ಸಬೀಹಾಳಿಂದಲೇ ಆಗಬೇಕೆಂದು ಹಫ್ಸ ಹಟ ಹಿಡಿದಿದ್ದಳು. ಎಳನೀರಿನ ಎಳೆ ತಿರುಳು ಹಾಕಿ, ಹಾಲಿನಲ್ಲಿ ಮಾಡುವ ಆ ಪುಡ್ಡಿಂಗಿನಿಂದ ಸಬೀಹಾಳಿಗೆ ಮೆಲ್ಕಾರು, ಪಾಣೆಮಂಗಳೂರಿನಲ್ಲಿ ಒಂದು ಹೆಸರೇ ಬಂದಿತ್ತು. ಬೊಂಡಗಳು ಆಗಲೇ ಜಗಲಿಗೆ ಬಂದು ಬಿದ್ದಿದ್ದವು. ಈ ಸೆಕೆಯಲ್ಲಿ ಹೊರಗಿಟ್ಟರೆ ಪುಡ್ಡಿಂಗ್ ಮದುಮಗಳ ಕೈ ಕೆಂಪಾಗುವ ಮೊದಲೇ ಹುಳಿಯಾಗುತ್ತಿತ್ತು.

ಫ್ರಿಜ್ಜು ರಿಪೇರಿಯ ಚಿನ್ನಯ್ಯನಿಗೆ ಫೋನು ಮಾಡಿದರೆ ಹಿಂದಿನಿಂದ ವಾದ್ಯದ ಸದ್ದು ಕೇಳಿಸಿತು. "ನಾನು ಬೆಳ್ತಂಗಡಿಯಲ್ಲಿದ್ದೇನಕ್ಕ, ತಂಗಿಯ ಮಗಳ ಮದುವೆ. ಸೋಮವಾರ ಬರ್ತೇನೆ. ಅಷ್ಟರವರೆಗೆ ಬಾಗಿಲು ತೆಗೀಬೇಡಿ!" ಎಂದು ಕೂಗಿ ಆತ ಫೋನಿಟ್ಟ.

ಉಳಿದದ್ದು ಶಾಫಿ. ಸಬೀಹಾಳ ಗಂಡನಾದ ಅವನು, ಊರಿಗಿಂತ ಎರಡೂವರೆ ಗಂಟೆ ತಡವಾಗಿ ಬೆಳಗಾಗುವ ಸೌದಿಯ ಜುಬೈಲಿನಲ್ಲಿ ಒಂದು ಅತ್ತರಿನ ಅಂಗಡಿಯಲ್ಲಿದ್ದ. ಫ್ರಿಜ್ಜಿಗೂ ಅವನಿಗೂ ಇದ್ದ ಸಂಬಂಧವೆಂದರೆ, ಅವನ ರೂಮಿನಲ್ಲೇ ಇರುವ ಸುಹೈಬ್ ಎಸಿ, ಫ್ರಿಜ್ಜುಗಳ ಮೆಕ್ಯಾನಿಕ್ ಆಗಿದ್ದ. ಸುಹೈಬ್ ರಾತ್ರಿ ಪಾಳಿ ಮುಗಿಸಿ ಮುಸುಕೆಳೆದು ಮಲಗಿದ್ದ.

"ಅವನನ್ನು ಎಬ್ಬಿಸುವುದು ಬೇಡ" ಎಂದ ಶಾಫಿ, ವೀಡಿಯೋ ಕಾಲಿನಲ್ಲಿ ಗಂಭೀರವಾಗಿ. "ದಿನಾ ಅವನ ಮಾತು ಕೇಳಿ ಕೇಳಿ ನನಗೆಲ್ಲ ಗೊತ್ತುಂಟು. ಎಲ್ಲಿ, ಫ್ಯಾನು ತೋರಿಸು."

ಫೋನು ಬೀಬಿಯ ಕೈಯಲ್ಲಿತ್ತು. ಮಗನ ಮುಖ ಕಂಡದ್ದೇ ಅವರು ಕೇಳಿದರು, "ನಾಷ್ಟಾ ಆಯ್ತಾ ಮೋನೆ? ಯಾಕೆ ಕಣ್ಣು ಕೆಂಪಾಗಿದೆ?"

"ಆಯ್ತು ಉಮ್ಮ. ಫ್ಯಾನು ತೋರಿಸಿ."

ಬೀಬಿ ಫೋನನ್ನು ಮೇಲೆತ್ತಿ ಅಡುಗೆಮನೆಯ ಮಾಡಿನಲ್ಲಿ ಗರಗರ ತಿರುಗುತ್ತಿದ್ದ ಫ್ಯಾನನ್ನು ತೋರಿಸಿದರು. "ಇದು ಒಳ್ಳೆ ತಿರುಗ್ತಾ ಉಂಟಲ್ಲ!" ಎಂದ ಶಾಫಿ ಖುಷಿಯಿಂದ. ಸಬೀಹಾ ಅತ್ತೆಯ ಕೈಯಿಂದ ಫೋನು ತೆಗೆದುಕೊಂಡು ಸಕ್ಕರೆ ಡಬ್ಬಿಗೆ ಒರಗಿಸಿಟ್ಟಳು.

ಮೊದಲು ಪ್ಲಗ್ ತೆಗೆದಳು. ಮೀನಿನ ಪ್ಯಾಕೆಟ್‌ಗಳನ್ನು ಹೊರತೆಗೆಯತೊಡಗಿದಳು. ಬಕೆಟ್ ತುಂಬಿತು, ಆಮೇಲೆ ಟಬ್ಬೂ ತುಂಬಿತು. ಒಂದು ಪ್ಯಾಕೆಟಿನ ಮೂಲೆ ಬಾಗಿಲಿನ ರಬ್ಬರಿಗೆ ಸಿಕ್ಕಿಕೊಂಡು ಚಪ್ಪಟೆಯಾಗಿತ್ತು. ಬಾಗಿಲು ಎಷ್ಟು ದಿನದಿಂದ ಸರಿಯಾಗಿ ಮುಚ್ಚಿರಲಿಲ್ಲವೋ ಏನೋ. ಅವಳು ಅತ್ತೆಯ ಮುಖ ನೋಡಿದಳು. ಬೀಬಿ ಕಿಟಕಿಯಾಚೆ ನೋಡಿದರು.

ಸ್ಕ್ರೂ ಬಿಚ್ಚಿ ಹಿಂದಿನ ಹಲಗೆಯನ್ನು ಸರಿಸಿದಾಗ ಒಳಗೆ ಮಂಜುಗಡ್ಡೆಯ ಗೋಡೆಯೇ ಎದ್ದಿತ್ತು. ಅದರ ನಡುವೆ ಪುಟ್ಟ ಫ್ಯಾನು, ರೆಕ್ಕೆ ಅಲ್ಲಾಡಿಸಲಾಗದೆ ಹೂತುಹೋಗಿತ್ತು.

"ಸ್ವಲ್ಪ ಇರು, ಕತ್ತಿ ತರ್ತೇನೆ" ಎಂದರು ಬೀಬಿ.

"ಕತ್ತಿ ಹಾಕ್ಬೇಡಿ!" ಶಾಫಿ ಕೂಗಿದ. "ಅದರ ಹಿಂದೆ ಗ್ಯಾಸಿನ ಪೈಪು ಉಂಟು. ತೂತಾದರೆ ಆಮೇಲೆ ಫ್ರಿಜ್ಜಿನಲ್ಲಿ ಬಟ್ಟೆ ಮಡಚಿ ಇಡಬೇಕಷ್ಟೆ. ಬಿಸಿನೀರು ಇಟ್ಟು ಕರಗಿಸು, ಸಬೀ." ಈ ಒಂದು ವಿಷಯದಲ್ಲಿ ಅವನು ಸರಿಯಾಗಿದ್ದ.

ಬಿಸಿನೀರಿನ ಪಾತ್ರೆಯನ್ನು ಒಳಗಿಟ್ಟು ಬಾಗಿಲು ಮುಚ್ಚಿದರು. ನೀರು ಆರಿದಂತೆ ಬದಲಾಯಿಸಿದರು. ಮಂಜು ದಡ್ ದಡ್ ಎಂದು ಬೀಳುತ್ತಿದ್ದಂತೆ ಬೀಬಿ ಹಳೇ ಲುಂಗಿ ಹಾಸಿ ನೀರು ಒರೆಸಿದರು. ನಡುವೆ ಜುಮಾ ನಮಾಜಿನ ಸಮಯವಾಗಿ ಶಾಫಿ ಮಸೀದಿಗೆ ಹೋಗಿ ಬಂದ. ಅಷ್ಟರಲ್ಲಿ ಮಂಜೆಲ್ಲ ಕರಗಿ ಫ್ಯಾನು ಹೊರಬಿದ್ದಿತ್ತು. ಸಬೀಹಾ ಬೆರಳಿನಿಂದ ತಟ್ಟಿದಳು. ಅದು ಹಗುರವಾಗಿ ಒಂದು ಸುತ್ತು ಹಾಕಿತು. ಎಲ್ಲವನ್ನೂ ಒಣಬಟ್ಟೆಯಿಂದ ಒರೆಸಿ, ಹಲಗೆ ಕೂರಿಸಿ, ಪ್ಲಗ್ ಹಾಕಿದಳು. ಸ್ವಲ್ಪ ಹೊತ್ತು ಕಾದು ಬಾಗಿಲು ತೆರೆದು ಇಣುಕಿದಳು.

ಫ್ಯಾನು ನಿಂತೇ ಇತ್ತು.

ಮುಚ್ಚಿ ಮತ್ತೆ ತೆರೆದಳು. ಇಲ್ಲ. ಬೀಬಿ ಬಿಸ್ಮಿ ಹೇಳಿ ತೆರೆದರು. ಆಗಲೂ ಇಲ್ಲ.

"ಮೋಟರು ಹೋಗಿದೆ" ಎಂದು ಶಾಫಿ ಜುಬೈಲಿನಿಂದ ತೀರ್ಪು ಕೊಟ್ಟ. "ಮಂಗಳೂರಿನಿಂದ ಹೊಸದು ತರಿಸಬೇಕು."

ಸಬೀಹಾಳಿಗೆ ಅಳು ಬಂತು. ಬೆಳಗಿನಿಂದ ಬಾಗಿ ಬಾಗಿ ಸೊಂಟ ಹಿಡಿದುಕೊಂಡಿತ್ತು. ಮುಚ್ಚಿದ ಬಾಗಿಲಿಗೆ ಹಣೆಯಿಟ್ಟು ಸುಮ್ಮನೆ ನಿಂತಳು. ಹಫ್ಸಳಿಗೆ ಏನು ಹೇಳುವುದು ಎಂದು ಯೋಚಿಸುತ್ತಿರುವಾಗ ಹಣೆಯ ಆಚೆಗೆ ಸಣ್ಣಗೆ ಏನೋ ಗುಂಯ್ ಎನ್ನುತ್ತಿರುವುದು ಕೇಳಿಸಿತು. ಕಿವಿಯಿಟ್ಟಳು. ಬಾಗಿಲು ತೆರೆದಳು, ಶಬ್ದ ನಿಂತಿತು. ಮುಚ್ಚಿದಳು, ಶುರುವಾಯಿತು.

"ಮಾಮಿ! ಇದು ತಿರುಗ್ತದೆ! ನಾವು ನೋಡಿದರೆ ಮಾತ್ರ ನಿಲ್ತದೆ!"

"ಹೊಸ ಮದುಮಗಳ ಹಾಗೆ" ಎಂದರು ಬೀಬಿ.

"ಅದು ಕೆಳಗಿನ ಕಂಪ್ರೆಸರಿನ ಶಬ್ದ ಮಾರಾಯ್ತಿ" ಎಂದ ಶಾಫಿ. "ಮೋಟರು ಹೋದದ್ದೇ. ಕಣ್ಣಿಗೆ ಕಾಣದೆ ನಾನು ನಂಬುವುದಿಲ್ಲ."

"ನೀವು ನಂಬುವುದಿಲ್ಲವಾ? ಹಾಗಾದರೆ ಹೋಗಿ, ನೀವೇ ನೋಡಿ ಬನ್ನಿ" ಎಂದು ಸಬೀಹಾ ಫೋನೆತ್ತಿ, ಅವನು ಬಾಯಿ ತೆರೆಯುವ ಮೊದಲೇ ಫ್ರೀಝರಿನೊಳಗೆ ನಿಲ್ಲಿಸಿ ಬಾಗಿಲು ಹಾಕಿದಳು.

ಅತ್ತೆ ಸೊಸೆ ಇಬ್ಬರೂ ಬಾಗಿಲಿಗೆ ಕಿವಿಯಿಟ್ಟರು. ಒಳಗಿನಿಂದ ಶಾಫಿಯ ಸ್ವರ ಬಾವಿಯ ತಳದಿಂದ ಬಂದಂತೆ ಕೇಳಿಸಿತು. "ಕತ್ತಲೆ! ಏನೂ ಕಾಣುವುದಿಲ್ಲ... ಏ ಸಬೀ, ನಿಲ್ಲು... ಕೇಳ್ತಾ ಉಂಟು! ತಿರುಗ್ತಾ ಉಂಟು! ಇಲ್ಲೇ ಕಿವಿ ಹತ್ತಿರ ತಿರುಗ್ತಾ ಉಂಟು! ನನ್ನನ್ನು ಹೊರಗೆ ತೆಗಿ!"

"ಬೇಗ ತೆಗೆ ಮಗಳೇ, ಅವನಿಗೆ ಶೀತ ಆಗ್ತದೆ" ಎಂದರು ಬೀಬಿ. ಹೇಳಿದ ಮೇಲೆ ತಮ್ಮ ಮಾತಿಗೆ ತಾವೇ ನಕ್ಕು, ನಗು ತಡೆಯಲಾರದೆ ನೆಲದಲ್ಲೇ ಕುಳಿತುಬಿಟ್ಟರು.

ಫೋನು ಹೊರಬಂದಾಗ ಪರದೆಯಲ್ಲಿ ಶಾಫಿಯ ಹಿಂದೆ ಒಂದು ಕಂಬಳಿ ಅಲ್ಲಾಡಿತು. ಅವನ ಬೊಬ್ಬೆಗೆ ಎಚ್ಚರವಾದ ಸುಹೈಬ್ ತಲೆ ಮಾತ್ರ ಹೊರಹಾಕಿ, "ಬಾಗಿಲಿನಲ್ಲಿ ಸ್ವಿಚ್ಚು ಉಂಟಲ್ಲ ಮಾರಾಯ, ತೆರೆದರೆ ಫ್ಯಾನು ನಿಲ್ಲುವುದೇ" ಎಂದು ಹೇಳಿ ಮತ್ತೆ ಮುಸುಕೆಳೆದ.

"ನನಗೆ ಗೊತ್ತಿತ್ತು" ಎಂದ ಶಾಫಿ.

ಸಂಜೆಯ ಹೊತ್ತಿಗೆ ಫ್ರಿಜ್ಜು ತಣ್ಣಗಾಯಿತು. ಸಬೀಹಾ ಪುಡ್ಡಿಂಗ್ ಕಾಯಿಸಿ ಕಪ್ಪುಗಳಿಗೆ ಹೊಯ್ದಳು. ಕರಗತೊಡಗಿದ್ದ ಬಂಗುಡೆಯನ್ನು ಮತ್ತೆ ಒಳಗಿಡಲು ಅವಳು ಒಪ್ಪಲಿಲ್ಲ. ಬೀಬಿ ಸ್ವಲ್ಪ ಹೊತ್ತು ಮುನಿಸಿಕೊಂಡರು. ಆಮೇಲೆ ತಾವೇ ಪ್ಯಾಕೆಟ್‌ಗಳನ್ನು ಹಿಡಿದು ಓಣಿಯ ಮನೆಮನೆಗೂ ಹಂಚಿ ಬಂದರು. ಉಳಿದದ್ದಕ್ಕೆ ಮೆಣಸು ಅರೆದು ಹಚ್ಚಿ ಕಾವಲಿಗೆ ಹಾಕಿದರು. ಅದನ್ನು ತೋರಿಸಲು ಕಾಲ್ ಮಾಡಿದಾಗ ಕುಬ್ಬೂಸ್ ರೊಟ್ಟಿಯನ್ನು ದಾಲಿನಲ್ಲಿ ಅದ್ದಿಕೊಂಡು ತಿನ್ನುತ್ತಿದ್ದ ಶಾಫಿ, "ಫೋನು ಬೇಕಾದರೆ ಫ್ರೀಝರಿಗೆ ಹಾಕಿ, ಇದನ್ನು ಮಾತ್ರ ತೋರಿಸಬೇಡಿ" ಎಂದ.

ಮರುದಿನ ಮದರಂಗಿಯಲ್ಲಿ ಪುಡ್ಡಿಂಗಿನ ಕಪ್ಪುಗಳು ಬೇಗ ಖಾಲಿಯಾದವು. ಹೆಂಗಸರ ನಡುವೆ ಕುಳಿತ ಬೀಬಿ, "ನಮ್ಮ ಶಾಫಿ ಜುಬೈಲಿನಲ್ಲಿ ಕೂತುಕೊಂಡೇ ಫ್ರಿಜ್ಜು ರಿಪೇರಿ ಮಾಡಿದ" ಎಂದು ದೊಡ್ಡ ಸ್ವರದಲ್ಲಿ ಹೇಳುತ್ತಿದ್ದರು. ಖಾಲಿ ಕಪ್ಪುಗಳನ್ನು ಎತ್ತುತ್ತಿದ್ದ ಸಬೀಹಾ ತಿದ್ದಲು ಬಾಯಿ ತೆರೆದಳು. ಅಷ್ಟರಲ್ಲಿ ವಾಮದಪದವಿನಿಂದ ಬಂದ ಒಬ್ಬ ಹೆಂಗಸು ಎದ್ದು ಬಂದು, ತನ್ನ ವಾಷಿಂಗ್ ಮೆಶಿನ್ ಕುಣಿಯುತ್ತಾ ಬಾಗಿಲಿನವರೆಗೆ ಬರುತ್ತದೆ, ಶಾಫಿಯ ನಂಬರ್ ಸಿಗಬಹುದೇ ಎಂದು ಕೇಳಿದಳು.

"ಖಂಡಿತ, ಬರೆದುಕೊಳ್ಳಿ" ಎಂದಳು ಸಬೀಹಾ. "ಬೆಳಿಗ್ಗೆ ಆರಕ್ಕೇ ಫೋನು ಮಾಡಿ. ಆಗ ಫ್ರೀ ಇರ್ತಾರೆ."