ಒದ್ದೆ ನ್ಯಾಪಿಯ ಸಂಭ್ರಮ

ಪ್ರಣತಿ ಒಂದು ಕೈಯಲ್ಲಿ ಮಗಳ ಕಾಲುಗಳನ್ನು ಹಿಡಿದೆತ್ತಿ, ಇನ್ನೊಂದು ಕೈಯಲ್ಲಿ ನ್ಯಾಪಿ ಎಳೆದವಳು ಹಾಗೇ ನಿಂತಳು. ಅಂಗೈಯಲ್ಲಿ ತೂಗಿ ನೋಡಿದಳು. ಭಾರವಾಗಿತ್ತು.

"ಇಂದ್ರೇಶ್! ಉಚ್ಚೆ ಮಾಡಿದ್ದಾಳೆ ಕಣೋ! ತುಂಬಾ!"

ಪಕ್ಕದ ಕೋಣೆಯಿಂದ ಗಂಡ ಹೆಡ್‌ಫೋನ್ ಕಿತ್ತುಕೊಂಡು ಓಡಿಬಂದ. "ಮೆಲ್ಲಗೆ ಕಣೇ, ಮೀಟಿಂಗಲ್ಲಿ ಮ್ಯೂಟ್ ಮಾಡಿರಲಿಲ್ಲ. ಪುಣ್ಯಕ್ಕೆ ಟೀಮಲ್ಲಿ ಯಾರಿಗೂ ಕನ್ನಡ ಬರಲ್ಲ!" ಎನ್ನುತ್ತಾ ತಾನೂ ಅದನ್ನು ತೂಗಿ ನೋಡಿ ನಕ್ಕ.

ಒಂದೂವರೆ ವರ್ಷದ ಚಿನ್ಮಯಿಗೆ ಎರಡು ವಾರದಿಂದ ಭೇದಿ. ಪರದೇಶದ ಟ್ರುಗನಿನಾದ ಆ ಮನೆಯಲ್ಲಿ ಅಷ್ಟೂ ದಿನ, ತುಮಕೂರಿನಿಂದ ಬಂದಿದ್ದ ಅಜ್ಜಿ ಜಲಜಮ್ಮನ ಪಥ್ಯ ನಡೆದಿತ್ತು. ಹಾಲಿಲ್ಲ, ಮೊಸರಿಲ್ಲ, ಅನ್ನವಿಲ್ಲ. ಗಂಜಿಯ ತಿಳಿ ಹೊತ್ತುಹೊತ್ತಿಗೆ ನಾಲ್ಕು ಚಮಚ. ಒಳಗೆ ಹೋದರೆ ತಾನೇ ಹೊರಗೆ ಬರುವುದು ಎಂದು ಪ್ರಣತಿಯೂ ಒಪ್ಪಿದ್ದಳು. ನಿನ್ನೆ ಮಗು ಅತ್ತರೂ ಕಣ್ಣೀರು ಬರಲಿಲ್ಲ. ನ್ಯಾಪಿ ಬೆಳಗಿನಿಂದ ಒಣಗಿಯೇ ಇತ್ತು. ಆಸ್ಪತ್ರೆಗೆ ಓಡಿದ್ದರು. ಮೈಯಲ್ಲಿನ ನೀರು ಬತ್ತುವುದೇ ದೊಡ್ಡ ಅಪಾಯ ಎಂದಿದ್ದರು ಡಾಕ್ಟರು. ಓಆರ್‌ಎಸ್ ಗುಟುಕು ಗುಟುಕಾಗಿ ಕೊಡುತ್ತಿರಿ, ಕೇಳಿದರೆ ಮನೆಯ ಊಟವನ್ನೂ ಕೊಡಿ. ಭೇದಿ ನಿಲ್ಲಿಸಲು ಊರಿಂದ ತಂದ ಮಾತ್ರೆ ಮಾತ್ರ ಮಗುವಿಗೆ ಬೇಡವೇ ಬೇಡ. ಮಲದ ಪರೀಕ್ಷೆಗೂ ಕಳಿಸಿದ್ದರು.

ಮಧ್ಯಾಹ್ನ ಚಿನ್ಮಯಿ ಅಜ್ಜಿಯ ಮೊಸರನ್ನದ ತಟ್ಟೆಗೇ ಕೈ ಹಾಕಿದಳು.

ಜಲಜಮ್ಮ ತಟ್ಟೆ ಹಿಂದಕ್ಕೆಳೆದರು. "ಅಯ್ಯೋ ಬೇಡಮ್ಮಾ, ಈಗ ತಾನೇ ಚೇತರಿಸಿಕೊಂಡಿದೆ ಕೂಸು."

"ಡಾಕ್ಟರು ಕೊಡಿ ಅಂದಿದ್ದಾರಲ್ಲ ಅತ್ತೆ."

"ಅವರಿಗೇನಮ್ಮ? ನಾನೇನು ಮಕ್ಕಳನ್ನ ಸಾಕಿಲ್ವಾ?"

"ನಿಮ್ಮನ್ನ ನಂಬಿ ತಾನೇ ನಾನೂ ಇವಳನ್ನ ಉಪವಾಸ ಹಾಕಿದ್ದು? ನಿನ್ನೆ ಇವಳ ಕಣ್ಣು ಹೇಗೆ ಗುಳಿ ಬಿದ್ದಿತ್ತು, ನೋಡಿದ್ರಲ್ಲ!"

ಜಲಜಮ್ಮನ ಕೈ ಅನ್ನದಲ್ಲೇ ನಿಂತಿತು.

"ಚಿಕ್ಕಂದಿನಲ್ಲಿ ನನ್ನ ತಮ್ಮ ಶಂಭುಲಿಂಗನಿಗೂ ಹೀಗೇ ಆಗಿತ್ತು. ನೀರು ಕುಡಿಸಿದ್ರೆ ಭೇದಿ ಜಾಸ್ತಿ ಆಗುತ್ತೆ ಅಂತ ಮನೆಯವರು ನನ್ನನ್ನೇ ಕಾವಲಿಗೆ ಕೂರಿಸಿದ್ರು. 'ಅಕ್ಕಾ, ನೀರು' ಅಂತಾನೇ ಇದ್ದ. ಒಂದು ತೊಟ್ಟೂ ಕೊಡಲಿಲ್ಲ ಕಣಮ್ಮ. ಅಷ್ಟು ಜೋಪಾನ ಮಾಡಿದ್ರೂ ಉಳೀಲಿಲ್ಲ."

ಅಷ್ಟರಲ್ಲಿ ಚಿನ್ಮಯಿ ಮತ್ತೆ ತಟ್ಟೆಗೆ ಕೈ ಚಾಚಿದಳು. ಈ ಸಲ ಅಜ್ಜಿ ತಡೆಯಲಿಲ್ಲ. ಮೂಗಿಗೆ, ಗಲ್ಲಕ್ಕೆಲ್ಲ ಮೆತ್ತಿಕೊಂಡು ಒಂದು ಹಿಡಿ ತಿಂದವಳೇ, "ಮೋರ್!" ಎಂದು ತಟ್ಟೆ ಬಡಿದಳು.

"ಮೋರ್ ಅಂತೆ! ಇಂಗ್ಲಿಷ್ ರಾಣಿಗೆ ನಮ್ಮ ಮೊಸರನ್ನ ಬೇಕಂತೆ!" ಜಲಜಮ್ಮ ಜೋರಾಗಿ ನಕ್ಕರು, ತಾವೇ ಅನ್ನ ಹಿಸುಕಿ, ಪುಟ್ಟ ಪುಟ್ಟ ತುತ್ತು ಮಾಡಿ ಉಣಿಸತೊಡಗಿದರು. ಉಣಿಸುತ್ತಲೇ ಸೊಸೆಯ ಮುಖ ನೋಡದೆ ಕೇಳಿದರು: "ಅಲ್ಲಾ ಪ್ರಣತಿ, ಅವತ್ತು ನಾನು ಅವನಿಗೆ ನೀರು ಕೊಟ್ಟಿದ್ರೆ...?"

"ಅದು ಬೇರೆ ಏನೋ ಕಾಯಿಲೆ ಇರಬೇಕು ಅತ್ತೆ," ಎಂದಳು ಪ್ರಣತಿ, ಚಮಚದಲ್ಲಿ ಓಆರ್‌ಎಸ್ ತುಂಬುತ್ತಾ.

ಅತ್ತೆ ಇನ್ನೆಷ್ಟು ಸಲ ಕೇಳಿದರೂ ಇದೇ ಉತ್ತರ ಎಂದು ಅವಳು ಆಗಲೇ ನಿರ್ಧರಿಸಿದ್ದಳು. ಇಂದ್ರೇಶ ಕೇಳಿದರೂ ಅವನಿಗೂ ಇದೇ.