ಯಾರೂ ಕರೆಯದ ಹೊತ್ತು

ಇಂಪನಾ ನಸುಕಿನಲ್ಲಿ ಎದ್ದು ಓದುವುದನ್ನು ಕಲಿತದ್ದು ತಿಪಟೂರಿನ ಹಾಸ್ಟೆಲಿನಲ್ಲಿ. ಒಂದು ಕೋಣೆಗೆ ಇಷ್ಟು ಜನ ಎಂಬ ಲೆಕ್ಕವೇ ಇಲ್ಲದ ಹಾಸ್ಟೆಲ್ ಅದು. ಹಗಲಿಡೀ ಗಲಾಟೆ, ರಾತ್ರಿ ಅದಕ್ಕಿಂತ ಹೆಚ್ಚು. ಓದಬೇಕೆಂದರೆ ಉಳಿದವರು ಮಲಗಿರುವಾಗಲೇ ಓದಬೇಕು. ಮೊದಮೊದಲು ಅಲಾರಾಂ ಬಡಿದಾಗ ಅದನ್ನು ಗೋಡೆಗೆ ಎಸೆಯುವಷ್ಟು ಸಿಟ್ಟು ಬರುತ್ತಿತ್ತು. ಆಮೇಲೆ ಅವಳೇ ಒಂದು ದಾರಿ ಕಂಡುಕೊಂಡಳು. ಮಲಗುವ ಮುಂಚೆ ಪುಸ್ತಕ ತೆರೆದು, ಓದಬೇಕಾದ ಪುಟದ ಮೇಲೆ ಪೆನ್ನು ಇಟ್ಟು ಮಲಗುವುದು. ಎದ್ದ ಮೇಲೆ ಏನು ಓದಲಿ ಎಂದು ಯೋಚಿಸಬಾರದು; ಯೋಚಿಸಲು ಕೂತರೆ ನಿದ್ದೆಯೇ ಗೆಲ್ಲುತ್ತದೆ. ದಿನಾ ಅದೇ ಜಾಗ, ಅದೇ ಹೊತ್ತು, ಮೊಬೈಲು ಟ್ರಂಕಿನೊಳಗೆ. ಓದುವ ಮನಸ್ಸು ಬರಲಿ ಎಂದು ಕಾಯುತ್ತಿದ್ದ ಗೆಳತಿಯರು ಪರೀಕ್ಷೆಯ ಹಿಂದಿನ ದಿನದವರೆಗೂ ಕಾಯುತ್ತಲೇ ಇದ್ದರು. ಡಿಗ್ರಿ ಮುಗಿಯುವಷ್ಟರಲ್ಲಿ ಇಂಪನಾಳಿಗೆ ಅಲಾರಾಂ ಬೇಕಿರಲಿಲ್ಲ. ನಾಲ್ಕೂವರೆಗೆ ಕಣ್ಣು ತಾನೇ ಬಿಡುತ್ತಿತ್ತು.

ಮದುವೆಯಾಗಿ ಹಾಲ್ಕುರಿಕೆಯ ಹತ್ತಿರದ ಗಂಡನ ಮನೆಗೆ ಬಂದಾಗ ಈ ಅಭ್ಯಾಸವೂ ಜೊತೆಗೆ ಬಂತು. ಗ್ರಾಮ ಆಡಳಿತ ಅಧಿಕಾರಿ ಹುದ್ದೆಯ ಪರೀಕ್ಷೆ ಬರೆಯುತ್ತೇನೆ ಎಂದು ಅವಳು ಮಾತುಕತೆಯ ದಿನವೇ ಹೇಳಿದ್ದಳು. "ಬರೀಲಿ ಬುಡಿ, ನಮ್ದೇನೂ ಅಡ್ಡಿಯಿಲ್ಲ" ಎಂದು ಮಾವ ಏಕಾಂತಯ್ಯ ಎಲ್ಲರ ಮುಂದೆ ಒಪ್ಪಿದ್ದ. ಒಪ್ಪುವುದಕ್ಕೆ ಏನು ಖರ್ಚು? ಮದುವೆಯಾದ ವರ್ಷವೇ ಹುದ್ದೆಗೆ ಅರ್ಜಿ ಕರೆದರು. ಈ ಸಲ ಆಗದಿದ್ದರೆ ಈ ಮನೆಯಲ್ಲಿ ಓದಿನ ಮಾತು ಮತ್ತೆ ಎತ್ತುವಂತಿಲ್ಲ ಎಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಅವಳ ಹತ್ತಿರ ಇದ್ದದ್ದು ಬೆಳಗಿನ ಆ ಎರಡು ಗಂಟೆ ಮಾತ್ರ. ಬೆಳಕು ಹರಿದ ಮೇಲೆ ಉಳಿದ ಹೊತ್ತೆಲ್ಲ ಒಲೆಯದು, ಕೊಟ್ಟಿಗೆಯದು, ತೋಟದ್ದು.

ಮೊದಲ ದಿನ ಅಡುಗೆಮನೆಯ ಲೈಟು ಹಾಕಿ ಕೂತಿದ್ದಳು. ಅತ್ತೆ ಸಿದ್ದಗಂಗಮ್ಮ ಬಾಗಿಲಲ್ಲಿ ಬಂದು ನಿಂತಳು.

"ಎದ್ದಿದ್ದೀಯಾ? ಒಳ್ಳೇದಾಯ್ತು. ಹಂಡೆ ಒಲೆಗೆ ಒಂಚೂರು ಉರಿ ಹಾಕ್ಬುಡು. ನಿಮ್ಮ ಮಾವ ಸ್ನಾನಕ್ಕೆ ಬತ್ತಾರೆ."

ಉರಿ ಹಾಕುವುದು ಎಷ್ಟು ಹೊತ್ತಿನ ಕೆಲಸ ಎಂದು ಇಂಪನಾ ಎದ್ದಳು. ತೆಂಗಿನ ಮಟ್ಟೆ ಹಸಿಯಿತ್ತು, ಹೊಗೆ ಕಣ್ಣಿಗೆ ತುಂಬಿತು, ಅರ್ಧ ಗಂಟೆ ಹೋಯಿತು. ಮಾರನೆಯ ದಿನ ಅತ್ತೆ ಎದ್ದೇ ಬರಲಿಲ್ಲ, ಮಲಗಿದ್ದಲ್ಲಿಂದಲೇ "ಉರಿ ಹಾಕ್ದೇನೇ?" ಎಂದು ಕೇಳಿದಳು. ಒಂದು ವಾರಕ್ಕೆ ಉರಿಯ ಜೊತೆಗೆ ಕಸ ಗುಡಿಸುವುದು ಸೇರಿತು. ಆಮೇಲೆ ಹಸುವಿಗೆ ಹುಲ್ಲು. ಆಮೇಲೆ ಹಾಲು ಕರೆಯುವುದು. ಕೊನೆಗೆ ಒಂದು ಮೂಟೆ ಕೊಬ್ಬರಿ ಕಾಯಿ ಅಡುಗೆಮನೆಯ ಬಾಗಿಲಿಗೆ ಬಂದು ಕೂತಿತು.

"ಹೆಂಗೂ ಎದ್ದಿರ್ತೀಯಲ್ಲ, ಒಂದಿಷ್ಟು ಚಿಪ್ಪು ಬಿಡಿಸಾಕು. ಉಂಡೆ ಕೊಬ್ಬರಿ ಹೋಳಾಗ್ಬಾರ್ದು, ಹೋಳಿಗೆ ರೇಟಿಲ್ಲ, ಉಸಾರು."

ಹೆಂಗೂ ಎದ್ದಿರ್ತೀಯಲ್ಲ. ಈ ಮಾತು ಕೇಳಿದರೆ ಇಂಪನಾಳಿಗೆ ಮೈ ಉರಿಯುತ್ತಿತ್ತು. ಹಾಸ್ಟೆಲಿನಲ್ಲಿ ವರ್ಷಗಟ್ಟಲೆ ನಿದ್ದೆ ಕೊಂದು ಕಟ್ಟಿಕೊಂಡ ಅಭ್ಯಾಸವನ್ನು ಈ ಮನೆ ಕೂತ ಜಾಗದಲ್ಲೇ ಕಬಳಿಸಿತ್ತು. ಪುಟದ ಮೇಲಿಟ್ಟ ಪೆನ್ನು ಬೆಳಗಾದರೂ ಅಲ್ಲೇ ಇರುತ್ತಿತ್ತು. ಹಟಕ್ಕೆ ಬಿದ್ದು ಒಂದು ದಿನ ಆರು ಗಂಟೆಯವರೆಗೆ ಮಲಗಿಬಿಟ್ಟಳು. ಅಂದು ಮಧ್ಯಾಹ್ನದವರೆಗೂ ಅತ್ತೆಯ ಬಾಯಿ ನಿಲ್ಲಲಿಲ್ಲ.

"ಎದ್ದು ಅಭ್ಯಾಸ ಇರೋರು ಮಲಗಿದ್ರೆ ಅದು ಸೋಮಾರಿತನ ಕಣಮ್ಮ. ಅಭ್ಯಾಸ ಇಲ್ದೋರು ಮಲಗಿದ್ರೆ ಪಾಪ, ಅವ್ರಿಗೆ ನಿದ್ದೆ."

ಗಂಡ ಮಹಾಂತೇಶನಿಗೆ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಸಿಮೆಂಟಿನ ಅಂಗಡಿ. ಅವನಿಗೆ ಹೇಳಿಕೊಂಡಳು.

"ಅಮ್ಮಂಗೂ ವಯಸ್ಸಾಯ್ತು ಕಣೇ. ಬೆಳಿಗ್ಗೆ ಕೆಲ್ಸ ಮುಗಿಸ್ಬುಡು, ಹಗಲು ಓದ್ಕೋ."

"ಹಗಲು ಯಾವಾಗ? ಒಂದು ಗಂಟೆ ತೋರ್ಸಿ."

"ಹುಡುಕ್ಬೇಕು ಕಣೇ, ಹುಡುಕಿದ್ರೆ ಸಿಗುತ್ತೆ. ಟೈಮ್ ಮ್ಯಾನೇಜ್‌ಮೆಂಟ್ ಅಂತಾರಲ್ಲ ಅದೇ." ಮೊಬೈಲಿನಿಂದ ತಲೆ ಎತ್ತದೆ ಹೇಳಿದ. ಹೆಂಡತಿ ಬೇಗ ಎದ್ದ ಮೇಲೆ ಅವನಿಗೆ ತಿಂಡಿ ಬೇಗ ಸಿಗುತ್ತಿತ್ತು. ಅವನಿಗೆ ಯಾವ ತೊಂದರೆಯೂ ಕಾಣಲಿಲ್ಲ.

ಅವಳು ಜಾಗ ಬದಲಿಸಿ ನೋಡಿದಳು. ಏಣಿ ಹತ್ತಿ ಅಟ್ಟಕ್ಕೆ ಹೋಗಿ, ಒಣಗಲು ಹಾಕಿದ ತೆಂಗಿನಕಾಯಿಗಳ ಪಕ್ಕ ಮೊಬೈಲಿನ ಟಾರ್ಚು ಹಿಡಿದು ಕೂತಳು. ಕಾಲು ತಗುಲಿ ಒಂದು ಕಾಯಿ ಉರುಳಿತು, ಅದರ ಹಿಂದೆ ಇನ್ನೊಂದು. ಕೆಳಗಿನಿಂದ ಅತ್ತೆಯ ದನಿ ಎದ್ದಿತು.

"ಯಾವಳೇ ಅಲ್ಲಿ? ಇಳಿಯೇ ಕೆಳಕ್ಕೆ! ವರ್ಷಗಟ್ಲೆ ಅಲುಗಾಡ್ದಂಗೆ ಬಿಟ್ಟಿರೋ ಕಾಯಿ ಅವು. ಒಳಗೆ ಬಿರುಕು ಬಿಟ್ರೆ ಉಂಡೆ ಬತ್ತದಾ? ಈ ಸಲ ಕೊಬ್ಬರಿ ಹೋಳಾದ್ರೆ ನಿನ್ನ ತಲೆ ಮೇಲೆ."

ಆ ದಿನದಿಂದ ಮನೆಯಲ್ಲಿ ಹೋಳಾದ ಪ್ರತಿ ಕೊಬ್ಬರಿಯೂ ಇಂಪನಾಳ ಓದಿನಿಂದಲೇ ಹೋಳಾಯಿತು.

ಇಷ್ಟೆಲ್ಲ ನಡೆಯುವಾಗ ಆ ಮನೆಯಲ್ಲಿ ನಸುಕಿಗೆ ಎದ್ದೂ ಕೆಲಸ ಮಾಡದ ಒಬ್ಬನಿದ್ದ. ಅದು ಏಕಾಂತಯ್ಯ. ಐದಕ್ಕೆ ಬಿಸಿನೀರಲ್ಲಿ ಮಿಂದು, ಹಣೆಗೆ, ತೋಳಿಗೆ ವಿಭೂತಿ ಬಳಿದು, ದೇವರಮನೆ ಹೊಕ್ಕರೆ ಆರೂವರೆಯವರೆಗೆ ಹೊರಗೆ ಬರುತ್ತಿರಲಿಲ್ಲ. ಎಡ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಕೂತವರನ್ನು ಯಾರೂ ಕರೆಯುವಂತಿಲ್ಲ, ಮಾತಾಡಿಸುವಂತಿಲ್ಲ. ಕೊಬ್ಬರಿ ಮಂಡಿಯಿಂದ ಫೋನು ಬಂದರೆ "ಪೂಜೇಲವ್ರೆ". ಪಕ್ಕದ ತೋಟದವರು ನೀರಿನ ಜಗಳಕ್ಕೆ ಬಂದರೆ "ಪೂಜೇಲವ್ರೆ". ಹಸು ಹಗ್ಗ ಕಿತ್ತುಕೊಂಡು ಓಡಿದ ದಿನವೂ ಸಿದ್ದಗಂಗಮ್ಮ ಒಬ್ಬಳೇ ಓಡಿ ಹಿಡಿದು ತಂದಿದ್ದಳು. ಅವಳ ಪೂಜೆ ಹಾಲು ಉಕ್ಕುವುದರೊಳಗೆ ಮುಗಿಯುತ್ತಿತ್ತು.

ಒಂದು ಬೆಳಿಗ್ಗೆ ದೇವರಮನೆಗೆ ಹೂವು ಇಡಲು ಹೋದ ಇಂಪನಾ ಮಾವನನ್ನು ನೋಡಿದಳು. ಗಲ್ಲ ಎದೆಗೆ ಬಿದ್ದಿತ್ತು. ಅಂಗೈ ಮಡಿಲಲ್ಲಿತ್ತು. ಗೊರಕೆ ಸಣ್ಣದಾಗಿ, ಸಮವಾಗಿ ಬರುತ್ತಿತ್ತು. ಅವಳು ಹೂವಿಟ್ಟು ಸದ್ದಿಲ್ಲದೆ ಹೊರಗೆ ಬಂದಳು. ಇಡೀ ದಿನ ಅದನ್ನೇ ಯೋಚಿಸಿದಳು.

ಮರುದಿನ ನಾಲ್ಕೂವರೆಗೆ ಎದ್ದು ತಣ್ಣೀರು ಸುರಿದುಕೊಂಡಳು. ವಿಭೂತಿ ಧರಿಸಿ, ತವರಿನಿಂದ ತಂದ ಬೆಳ್ಳಿ ಕರಡಿಗೆಯಿಂದ ಲಿಂಗ ತೆಗೆದು ದೇವರಮನೆಯಲ್ಲಿ ಕೂತಳು. ಮೊದಲು ಕಣ್ಣು ಮುಚ್ಚಿ ಪೂಜೆಯನ್ನೇ ಮಾಡಿದಳು, ಅದರಲ್ಲಿ ಕಪಟವಿರಲಿಲ್ಲ. ಆಮೇಲೆ ವ್ಯಾಸಪೀಠದ ಮೇಲೆ ಪರೀಕ್ಷೆಯ ಪುಸ್ತಕ ಇಟ್ಟು ಬಲಗೈಯಲ್ಲಿ ಪುಟ ತಿರುಗಿಸಿದಳು. ತುಟಿ ಅಲುಗುತ್ತಿತ್ತು. ಹೊರಗಿನಿಂದ ಯಾರು ನೋಡಿದರೂ ಮಂತ್ರವೇ. ಅವಳು ಹೇಳುತ್ತಿದ್ದದ್ದು ಪಂಚಾಯತ್ ರಾಜ್ ಕಾಯ್ದೆ.

ಅತ್ತೆ ಬಾಗಿಲಿಗೆ ಬಂದು ಬಾಯಿ ತೆರೆದಳು. ಸೊಸೆಯ ಅಂಗೈ ನೋಡಿ ಬಾಯಿ ಮುಚ್ಚಿಕೊಂಡು ಹಂಡೆ ಒಲೆಗೆ ಹೋದಳು.

ಅಷ್ಟು ದಿನದಲ್ಲಿ ಮೊದಲ ಸಲ ಇಂಪನಾ ಒಂದು ಅಧ್ಯಾಯ ಪೂರ್ತಿ ಓದಿದಳು.

ವಾರ ಕಳೆಯುವಷ್ಟರಲ್ಲಿ ಬೀದಿಗೆಲ್ಲ ಗೊತ್ತಾಯಿತು. "ನಮ್ಮನೇಲಿ ಒಬ್ಬ ಶರಣ ಇದ್ರು, ಈಗ ಶರಣೆನೂ ಬಂದವ್ಳೆ" ಎಂದು ಸಿದ್ದಗಂಗಮ್ಮ ನಲ್ಲಿಯ ಹತ್ತಿರ ಕೊಡ ಕುಕ್ಕಿದಳು. ಅಡುಗೆಮನೆಯಲ್ಲಿ ಪಾತ್ರೆಗಳು ಬೇಕಂತಲೇ ಬಿದ್ದವು. ಇಂಪನಾಳ ತಟ್ಟೆಗೆ ಮುದ್ದೆ ಮೇಲಿನಿಂದ ಬಿತ್ತು. ಅವಳು ತಿಂದಳು. ನಲ್ಲಿಯ ಮಾತೂ ಕಿವಿಗೆ ಬಿದ್ದಿತ್ತು, ಪಾತ್ರೆಯ ಸದ್ದೂ. ಆದರೆ ಬೆಳಿಗ್ಗೆ ಓದಿದ್ದನ್ನು ಆ ಸದ್ದು ತಲೆಯಿಂದ ತೆಗೆಯಲಾರದು, ಅಷ್ಟು ಸಾಕಾಗಿತ್ತು.

ಸಹಿಸಲಾಗದವನು ಏಕಾಂತಯ್ಯ. ಅವನ ನಿದ್ದೆ ಕೆಟ್ಟಿತ್ತು. ಪುಟ ಸರಿದರೆ ಎಚ್ಚರವಾಗುತ್ತಿತ್ತು. ಪಕ್ಕದಲ್ಲಿ ಸೊಸೆ ಕೂತಿರುವಾಗ ತಲೆ ತೂಗುವಂತೆಯೂ ಇರಲಿಲ್ಲ. ಒಂದು ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ಶುರು ಮಾಡಿದ.

"ದೇವರಮನೇಲಿ ಪರೀಕ್ಷೆ ಪುಸ್ತಕ ಇಟ್ಕೊಂಡು ಕೂರೋದು ಯಾವ ಪೂಜೆನಮ್ಮಾ? ಕೈಯಲ್ಲಿ ಲಿಂಗ, ಕಣ್ಣಲ್ಲಿ ಸರ್ಕಾರಿ ಕೆಲ್ಸ. ನಿಮ್ಮಪ್ಪ ಇದನ್ನೇ ಹೇಳ್ಕೊಟ್ಟಿದ್ನಾ?"

ಸಿದ್ದಗಂಗಮ್ಮನ ಕೈ ತುತ್ತಿನಲ್ಲೇ ನಿಂತಿತು. "ಪರೀಕ್ಷೆ ಪುಸ್ತಕನಾ? ನಾನು ವಚನದ್ದು ಅನ್ಕೊಂಡಿದ್ನಲ್ಲ! ಅಂದ್ರೆ ಇಷ್ಟು ದಿನ ನನ್ನ ಕಣ್ಣಿಗೆ ಮಣ್ಣೆರಚಿದ್ಯಾ? ನೋಡ್ದೇನ್ಲಾ ಮಹಾಂತೇಶ, ನಿನ್ನ ಹೆಂಡ್ತೀನ?"

ಮಹಾಂತೇಶ ಸಾರಿಗೆ ಉಪ್ಪು ಹಾಕಿಕೊಂಡ.

ಇಂಪನಾಳಿಗೆ ಹೆದರಿಕೆಯಾಯಿತು. ಈಗ ಸುಮ್ಮನಿದ್ದರೆ ನಾಳೆ ಬೆಳಿಗ್ಗೆ ಮತ್ತೆ ಹಂಡೆ ಒಲೆಯ ಮುಂದೆ.

"ಮೊದ್ಲು ಪೂಜೆ ಮಾಡೇ ಓದೋದು ಮಾವ," ಅಂದಳು. "ಓದೋದು ಪೂಜೆ ಅಲ್ಲ ಅಂದ್ರೆ ಒಪ್ಕೋತೀನಿ. ಆದ್ರೆ ಗೊರಕೆ ಹೊಡಿಯೋದು ಯಾವ ಪೂಜೆ, ಅದನ್ನೂ ಹೇಳ್ಬುಡಿ."

ಏಕಾಂತಯ್ಯನ ಕಿವಿ ಕೆಂಪಾಯಿತು. "ಏನಂದೆ? ಯಾರಿಗೆ ಅಂದೆ? ಅದು ಧ್ಯಾನ ಕಣೇ! ನಿನ್ನಂಥೋಳಿಗೆ ಏನು ಗೊತ್ತು!"

"ಧ್ಯಾನದಲ್ಲಿ ಜೊಲ್ಲು ಬರುತ್ತಾ ಮಾವ?"

ಮಹಾಂತೇಶ "ಏಯ್" ಎಂದು ತಟ್ಟೆ ಕುಟ್ಟಿದ. ಏಕಾಂತಯ್ಯ ಕೈತೊಳೆದು ಎದ್ದುಹೋದ. ಸಿದ್ದಗಂಗಮ್ಮನ ಬೈಗುಳಕ್ಕೆ ಇಂಪನಾ ಕಾದಳು. ಆದರೆ ಅತ್ತೆ, ತನ್ನ ಗಂಡ ಹೋದ ಬಾಗಿಲನ್ನೇ ನೋಡುತ್ತಿದ್ದಳು. ಮದುವೆಯಾದಂದಿನಿಂದ ಗಂಡನ ಪೂಜೆಯ ಹೊತ್ತಿನಲ್ಲಿ ಅವಳು ದೇವರಮನೆಯೊಳಗೆ ಕಾಲಿಟ್ಟವಳಲ್ಲ. ಆ ಹೊತ್ತಿನಲ್ಲಿ ಅವಳು ಕೊಟ್ಟಿಗೆಯಲ್ಲಿರುತ್ತಿದ್ದಳು.

ಮರುದಿನ ಹಂಡೆ ಒಲೆ ಹೊತ್ತಿಸಿದವಳು ಸಿದ್ದಗಂಗಮ್ಮನೇ. ನೀರು ಕಾದ ಮೇಲೆ ಗಂಡನನ್ನು ಕರೆಯಲಿಲ್ಲ. ತಾನೇ ಮೊದಲು ಮಿಂದಳು. ಹಣೆ ತುಂಬ ವಿಭೂತಿ ಬಳಿದುಕೊಂಡು, ಒದ್ದೆ ಕೂದಲಲ್ಲೇ ಬಂದು ದೇವರಮನೆಯಲ್ಲಿ ಇಂಪನಾಳ ಪಕ್ಕಕ್ಕೆ ಕುಕ್ಕರಿಸಿದಳು. ಮಂಡಿ ಲಟಕ್ ಎಂದಿತು. ಕರಡಿಗೆ ಬಿಚ್ಚಿ ಲಿಂಗವನ್ನು ಅಂಗೈಗೆ ತೆಗೆದುಕೊಂಡಳು.

ಉಳಿದ ನೀರಲ್ಲಿ ಸ್ನಾನ ಮುಗಿಸಿ ಬಂದ ಏಕಾಂತಯ್ಯ ಬಾಗಿಲಲ್ಲೇ ನಿಂತ.

"ನೀನ್ಯಾಕೆ ಇಲ್ಲಿ? ಹಾಲು ಕರಿಯೋರ್ಯಾರು?"

ಅವಳು ಕಣ್ಣು ಮುಚ್ಚಿಕೊಂಡಳು. ಪೂಜೆಯಲ್ಲಿರುವವರು ಮಾತಾಡುವಂತಿಲ್ಲ. ಅವನು ಇನ್ನೊಂದು ಸಲ ಕೇಳಿ, ಉತ್ತರ ಸಿಗದೆ, ತನ್ನ ಜಾಗದಲ್ಲಿ ಕೂತ. ಕೋಣೆ ಚಿಕ್ಕದು. ಮೂವರ ಮಂಡಿಗಳು ಒಂದಕ್ಕೊಂದು ತಾಗುತ್ತಿದ್ದವು.

ಇಂಪನಾ ಪುಸ್ತಕ ತೆರೆದಳು. ಅತ್ತೆಯ ಒಂದು ಕಣ್ಣು ಪೂರ್ತಿ ಮುಚ್ಚಿಲ್ಲ, ಅದು ತನ್ನ ಮೇಲೇ ಇದೆ ಎಂದು ಅವಳಿಗೆ ಗೊತ್ತಾಯಿತು. ಲೆಕ್ಕ ಸರಳವಾಗಿತ್ತು. ಯಾರು ಮೊದಲು ಏಳುತ್ತಾರೋ ಕೊಟ್ಟಿಗೆ ಅವರದು. ಇವತ್ತು ಎದ್ದವರು ನಾಳೆಯೂ ಏಳಬೇಕು.

ಕೊಟ್ಟಿಗೆಯಲ್ಲಿ ಹಸು ಕೂಗಿತು. ಕಟ್ಟಿಹಾಕಿದ್ದ ಕರು ಅದಕ್ಕೆ ಉತ್ತರ ಕೊಟ್ಟಿತು. ಇಂಪನಾಳ ಕಾಲು ತಾನೇ ಅಲುಗಿತು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಇಷ್ಟೇ ದಿನದಲ್ಲಿ ಈ ಮನೆ ಅವಳ ಕಾಲಿಗೂ ಒಂದು ಅಭ್ಯಾಸ ಕಲಿಸಿಬಿಟ್ಟಿತ್ತು. ಹಸು ಕೂಗಿದರೆ ಏಳುವುದು. ಕಾಲನ್ನು ಬಿಗಿಯಾಗಿ ಮಡಿಸಿ ಕೂತಳು. ಪಕ್ಕದಲ್ಲಿ ಅತ್ತೆಯ ಹೆಬ್ಬೆರಳೂ ನೆಲ ಕೆರೆಯುತ್ತಿತ್ತು.

ಹೊರಗೆ ಮಹಾಂತೇಶ ಎದ್ದ ಸದ್ದು. "ಅಮ್ಮಾ, ಕಾಫಿ." ಸ್ವಲ್ಪ ಹೊತ್ತಿಗೆ, "ಇಂಪನಾ, ಕಾಫಿ." ಅಡುಗೆಮನೆ, ಬಚ್ಚಲು, ಹಿತ್ತಿಲು ಎಲ್ಲ ಸುತ್ತಿ ಕೊನೆಗೆ ದೇವರಮನೆಗೆ ಬಂದು ತಲೆ ತೂರಿಸಿದ.

"ಇದೇನಿದು? ಮೂರು ಜನನೂ ಕೂತ್ಬುಟ್ರೆ? ಹಸು ಬಾಯಿ ಬಡ್ಕೋತಾ ಐತೆ, ಡೈರಿ ಮುಚ್ಚೋ ಹೊತ್ತಾಯ್ತು."

ಏಕಾಂತಯ್ಯ ಕಣ್ಣು ಬಿಡದೆ, ನೀನೇ ಹೋಗು ಎಂದು ಬಲಗೈ ಬೀಸಿದ.

"ನಂಗೆಲ್ಲಿ ಹಾಲು ಕರಿಯಾಕೆ ಬತ್ತದೆ ಅಪ್ಪ? ಒದೀತದೆ ಅದು."

ಯಾರೂ ಅಲುಗಲಿಲ್ಲ. ಹಸು ಈಗ ಬಿಡದೆ ಕೂಗತೊಡಗಿತು. ಸಿದ್ದಗಂಗಮ್ಮ ಎರಡೂ ಕಣ್ಣು ತೆರೆದು, ನಿಧಾನವಾಗಿ ತಲೆ ತಿರುಗಿಸಿ ಗಂಡನನ್ನು ನೋಡಿದಳು. ಇಂಪನಾಳೂ ಪುಸ್ತಕದಿಂದ ತಲೆ ಎತ್ತಿದಳು. ಏಕಾಂತಯ್ಯ ಮುಚ್ಚಿದ ಕಣ್ಣಲ್ಲೇ ಎಷ್ಟೋ ಹೊತ್ತು ತಡೆದ. ಕೊನೆಗೆ ಕರಡಿಗೆ ಕಟ್ಟಿಕೊಂಡು ಎದ್ದ.

"ಥೂ, ಎಂಥ ಹೆಂಗಸ್ರು! ಮನೆ ಉದ್ಧಾರ ಆಯ್ತದಾ ಇದು! ಬಾರ್ಲಾ, ಕರು ಹಿಡ್ಕೋ."

ಅಪ್ಪ ಮಗ ಕೊಟ್ಟಿಗೆಗೆ ಹೋದರು. ಬಕೆಟ್ಟು ಉರುಳಿದ ಸದ್ದು, ಬೈಗುಳ, ಮತ್ತೆ ಬಕೆಟ್ಟು.

ಸಿದ್ದಗಂಗಮ್ಮ ನಗಲಿಲ್ಲ. ತಗ್ಗಿದ ದನಿಯಲ್ಲಿ ಅಂದಳು: "ಹಿಗ್ಬ್ಯಾಡ. ನಿನಗೋಸ್ಕರ ಕೂತಿಲ್ಲ ನಾನು."

"ಗೊತ್ತು ಅತ್ತೆ."

"ಮಾವನ ಮುಂದೆ ಹಂಗೆ ಮಾತಾಡಿದ್ದು ನಾನು ಮರೆಯಾಕಿಲ್ಲ. ನೀನು ಪಾಸಾದ್ರೂ ಮರೆಯಾಕಿಲ್ಲ."

"ಮರೀಬ್ಯಾಡಿ."

"ನೀನು ಏಳೋಗಂಟ ನಾನು ಏಳಾಕಿಲ್ಲ. ನಾಳಿಕೂ ಅಷ್ಟೇ. ನಾಡಿದ್ದೂ ಅಷ್ಟೇ."

"ನಾನು ಏಳೋದು ಆರೂವರೆಗೆ."

"ಹಂಗಾದ್ರೆ ನಾನು ಆರೂಮುಕ್ಕಾಲಿಗೆ."

ಇಂಪನಾ ಮುಂದಿನ ಪುಟ ತಿರುಗಿಸಿದಳು. ಭೂಕಂದಾಯದ ಅಧ್ಯಾಯ. ಸಿದ್ದಗಂಗಮ್ಮ ಸುಮ್ಮನೆ ಕೂತು ಅಭ್ಯಾಸವಿಲ್ಲದವಳು. ಭಾರವನ್ನು ಒಂದು ಮಂಡಿಯಿಂದ ಇನ್ನೊಂದಕ್ಕೆ ಬದಲಿಸುತ್ತ, ಸೊಸೆ ಎಲ್ಲಿ ಎದ್ದುಬಿಡುತ್ತಾಳೋ ಎಂದು ಕಾಯುತ್ತ ಕೂತಳು.

"ಹಾಲಿನ ಕ್ಯಾನಿನ ಮುಚ್ಚಳ ಎಲ್ಲೈತೆ?" ಎಂದು ಮಹಾಂತೇಶ ಹಿತ್ತಿಲಿಂದ ಕೂಗಿದ.

ಅದು ಎಲ್ಲಿದೆ ಎಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಹೇಳಲಿಲ್ಲ.