ಅಳತೆ ಕೂಗುತ್ತಿದ್ದ ಟೇಪಕ್ಕ

ಟೇಪಕ್ಕನ ದನಿ ಅವಳಿಗಿಂತ ಮೊದಲೇ ಬಂದು ತಲುಪುತ್ತಿತ್ತು. ಗಿಡ್ಡ ದೇಹ, ಎಡಗಾಲನ್ನು ತುಸು ಎಳೆದು ಹಾಕುವ ನಡಿಗೆ, ಕೊರಳಲ್ಲಿ ಸದಾ ಜೋತಾಡುವ ಹಳದಿ ಟೇಪು. ಆ ಟೇಪಿನಿಂದಾಗಿಯೇ ಅವಳ ನಿಜವಾದ ಹೆಸರು ಎಲ್ಲರಿಗೂ ಮರೆತುಹೋಗಿತ್ತು. ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವವಳು. ಅವಳು ಅಳತೆ ಕೂಗುವುದು, ಮೂಲೆಯಲ್ಲಿ ಕೂತ ತಂಗಿ ಬರೆದುಕೊಳ್ಳುವುದು ಮೂವತ್ತು ವರ್ಷಗಳ ರೂಢಿ. ಹೊಲಿಗೆಯಂತ್ರದ ಸದ್ದನ್ನು ಮೀರಿ ಮೀರಿ ಗಂಟಲು ಹಾಗೆ ಬೆಳೆದಿತ್ತು.

ಕಳೆದ ವರ್ಷ ಶಾಲೆಯ ಹಜಾರದಲ್ಲಿ ಸಾಲುನಿಂತ ಹುಡುಗಿಯರ ಅಳತೆ ತೆಗೆಯುತ್ತಿದ್ದಳು. ಒಂಬತ್ತನೇ ತರಗತಿಯ ಒಬ್ಬಳ ಸೊಂಟಕ್ಕೆ ಟೇಪು ಸುತ್ತಿ, "ಮೂವತ್ತೆಂಟು!" ಎಂದಳು. ತಂಗಿ ತಲೆಯೆತ್ತಿ, "ಎಷ್ಟಕ್ಕಾ?" ಎಂದಳು.

"ಮೂವತ್ತೆಂಟು ಕಣೇ, ಕಿವುಡಿ!"

ಹಿಂದೆ ನಿಂತಿದ್ದ ಸಹಪಾಠಿಯೊಬ್ಬಳು ಅದನ್ನು ಫೋನಿನಲ್ಲಿ ಹಿಡಿದಿದ್ದಳು. ಸಂಜೆಯೊಳಗೆ ಆ ಹುಡುಗಿಯ ಮುಖ, ಟೇಪಕ್ಕನ ಕೂಗು, ಮೇಲೊಂದಿಷ್ಟು ಹಾಸ್ಯದ ಸಂಗೀತ ಸೇರಿ, ಊರಿನ ಮಕ್ಕಳ ಫೋನುಗಳಲ್ಲೆಲ್ಲ ಓಡಾಡಿತು. ಹುಡುಗಿ ಕೋಣೆ ಸೇರಿ ಚಿಲಕ ಹಾಕಿಕೊಂಡಳು. ಒಂದೊಂದು ಕಾಮೆಂಟನ್ನೂ ಓದುತ್ತಾಳೆ, ಊಟ ಬಿಟ್ಟಿದ್ದಾಳೆ ಎಂದು ಅವಳ ತಾಯಿ ಪಕ್ಕದ ಮನೆಯಲ್ಲಿರುವ ನನ್ನೆದುರು ಅತ್ತರು. ನಾನು ದೇವರ ಮುಂದೆ ಕೂತು ಬೇಡಿಕೊಂಡೆ. ಟೇಪಕ್ಕ ಸುದ್ದಿ ಕೇಳಿದವಳೇ ಮೊದಲು ಆ ಸಹಪಾಠಿಯ ಮನೆಗೆ ಹೋಗಿ, ವಿಡಿಯೊ ಅಳಿಸುವವರೆಗೆ ಕದಲಲಿಲ್ಲ. ಅದಾಗಲೇ ನೂರು ಕೈ ದಾಟಿತ್ತು.

ಮರುದಿನದಿಂದ ಟೇಪಕ್ಕ ಸಂಜೆ ನಾಲ್ಕು ಗಂಟೆಗೆ ಸರಿಯಾಗಿ ಹುಡುಗಿಯ ಮುಚ್ಚಿದ ಬಾಗಿಲಿಗೆ ಒರಗಿ ಕೂರತೊಡಗಿದಳು. ಮಡಿಲಲ್ಲಿ ಗುಂಡಿ ಹಚ್ಚಬೇಕಾದ ಅಂಗಿಗಳ ರಾಶಿ. ಒಂದೆರಡು ದಿನ ನಾನೂ ಜೊತೆಗಿದ್ದೆ.

"ಹೋಗಿ ಆಂಟಿ! ನಿಮ್ಮಿಂದಾನೇ ಇಷ್ಟೆಲ್ಲಾ ಆಗಿದ್ದು," ಎಂದಿತು ಒಳಗಿನ ದನಿ.

"ಹೂಂ ಕಣಮ್ಮ, ನನ್ನಿಂದಾನೇ. ಬೈಯೋದಿದ್ರೆ ಜೋರಾಗಿ ಬೈ, ತಂಗಿ ಸಹವಾಸದಿಂದ ನಂಗೂ ಕಿವಿ ಮಂದ ಆಗ್ತಿದೆ."

ಹುಡುಗಿ ಬೈದಳು, ಅತ್ತಳು. ಟೇಪಕ್ಕ ದಾರ ಕಚ್ಚಿ ಮುಂದಿನ ಅಂಗಿ ಎತ್ತಿಕೊಂಡಳು.

ಒಂಬತ್ತನೆಯ ದಿನ ಬಾಗಿಲು ಒಂದು ಗೇಣು ತೆರೆದು, ಫೋನು ಹಿಡಿದ ಕೈಯೊಂದು ಹೊರಬಂತು. "ನಾಳೆ ತನಕ ಇಟ್ಕೊಳ್ಳಿ ಆಂಟಿ. ನನ್ನ ಹತ್ರ ಇದ್ರೆ ಓದ್ತಾನೇ ಇರ್ತೀನಿ."

"ನಾಲ್ಕಕ್ಕೆ ವಾಪಸ್ ತರ್ತೀನಿ. ಈಗ ಇಬ್ಬರೂ ಊಟ ಮಾಡೋಣ ಬಾ, ನಂಗಂತೂ ಹೊಟ್ಟೆ ಚುರುಗುಟ್ತಿದೆ."

ಆ ದಿನ ಹುಡುಗಿ ನಾಲ್ಕು ತುತ್ತು ಉಂಡಳು. ಮತ್ತೆರಡು ವಾರಕ್ಕೆ ಶಾಲೆಗೂ ಹೋದಳು, ಮೊದಮೊದಲು ಅರ್ಧ ದಿನ ಮಾತ್ರ. ಟೇಪಕ್ಕ ಈ ವರ್ಷ ಪರದೆ ಕಟ್ಟಿ, ಒಬ್ಬೊಬ್ಬರನ್ನೇ ಒಳಗೆ ಕರೆದು, ಅಳತೆಯನ್ನು ತಾನೇ ಬರೆದುಕೊಂಡಳು. ಅವಳ ಬರವಣಿಗೆ ಬಲು ನಿಧಾನ. ತಡವಾಯಿತೆಂದು ಶಿಕ್ಷಕಿಯರು ಗೊಣಗಿದರು. "ಗೊಣಗಲಿ ಬಿಡಿ," ಎಂದಳು.

ಕಾಲ ಕೆಟ್ಟಿತೆಂದು ನಾವೆಲ್ಲ ನಿಟ್ಟುಸಿರು ಬಿಡುವ ಹೊತ್ತಿನಲ್ಲಿ, ಇಂಥವರು ಅದರಲ್ಲಿ ತಮ್ಮ ಪಾಲೆಷ್ಟೆಂದು ಹುಡುಕಿ, ಅಷ್ಟನ್ನು ಹೊತ್ತುಕೊಂಡು, ನೊಂದವರ ಹತ್ತಿರ ಹೋಗಿ ಕೂರುತ್ತಾರೆ. ಅವರಿಗೆ ಉಪದೇಶ ಮಾಡಲು ಬರುವುದಿಲ್ಲ. ನಡುವೆ ಎದ್ದು ಹೋಗಲೂ ಬರುವುದಿಲ್ಲ.